ಮೇಲಿನ ಹಲಗೆಯ ಹಸಿರು ಕ್ಯಾನು

“ಕೂಲೆಂಟ್ ಹಾಕಿದ್ಯೋ, ನಲ್ಲಿ ನೀರು ಹಾಕಿದ್ಯೋ? ಬಾಯಿ ಬಿಡು!”

“ಹೇಳಿದ್ನಲ್ಲ. ಹಳೇದು ಇಳಿಸ್ದೆ, ಹೊಸದು ತುಂಬಿದೆ. ಇನ್ನೇನು ಕಲ್ಲಿನ ಮೇಲೆ ಕೆತ್ತಿ ಕೊಡ್ಲಾ?”

“ಹೊಸದು ತುಂಬಿದ ಗಾಡಿ ನಾಲ್ಕೇ ದಿನಕ್ಕೆ ಹಬೆ ಬಿಟ್ಕೊಂಡು ಬರುತ್ತೇನೋ?”

ಹತ್ತು ವರ್ಷದಲ್ಲಿ ಮೊದಲ ಸಲ ನಾನು ಭಾವನನ್ನು ಏಕವಚನದಲ್ಲಿ ಕರೆದಿದ್ದೆ. ನನ್ನ ಅಕ್ಕನ ಗಂಡ, ನನಗಿಂತ ಆರು ವರ್ಷ ದೊಡ್ಡವನು. ಫ್ಯಾನ್ ಬೆಲ್ಟುಗಳನ್ನು ಮೊಳೆಗೆ ತೂಗುಹಾಕುತ್ತಿದ್ದ ಅಕ್ಕ ಕೈ ನಿಲ್ಲಿಸಿ ತಿರುಗಿ ನೋಡಿದಳು.

ಶೆಡ್ಡಿನ ನಡುವೆ ಟ್ಯಾಕ್ಸಿ ಬಾನೆಟ್ ಎತ್ತಿಕೊಂಡು ಉಸಿರುಬಿಡುತ್ತಿತ್ತು. ಅದರ ಡ್ರೈವರನ್ನು ಊರೆಲ್ಲ ಗಿಡ್ಡ ಎಂದೇ ಕರೆಯುವುದು. ಏರುರಸ್ತೆಯಲ್ಲಿ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋದದ್ದು ನೋಡಿ ಅಲ್ಲಿಂದ ನಿಲ್ಲಿಸಿ ನಿಲ್ಲಿಸಿ ಇಲ್ಲಿಗೆ ತಂದಿದ್ದ. “ಅಣ್ಣಾ, ನೀವಿಬ್ರೂ ಆಮೇಲೆ ಕಚ್ಚಾಡಿ. ಮೊದಲು ನನ್ನ ಇಂಜಿನ್ನು ಬದುಕಿದೆಯೋ ಸತ್ತಿದೆಯೋ ಹೇಳಿ,” ಎಂದ.

“ನಮ್ಮ ಭಾವನ್ನ ಕೇಳು. ಬಸ್ ಡಿಪೋದ ಇಂಜಿನ್ನೇ ಸಾಯಿಸಿದ ಡಾಕ್ಟರು ಅವನು.”

ಈ ಮಾತು ಆಡಬಾರದಿತ್ತು. ಡಿಪೋದಲ್ಲಿದ್ದಾಗ ಭಾವ ಒಂದು ಬಸ್ಸಿಗೆ ಇಂಜಿನ್ ತಂಪಾಗಿಡುವ ಕೂಲೆಂಟಿನ ಬದಲು ಬರೀ ನೀರು ಹಾಕಿ, ಅದರ ಇಂಜಿನ್ ಕಾದು ಜಾಮ್ ಆಗಿ, ಕೆಲಸ ಕಳೆದುಕೊಂಡಿದ್ದ. ಆಗ ಅವನಿಗೊಂದು ಕೆಲಸ ಕೇಳಿಕೊಂಡು ಅಕ್ಕ ನನ್ನ ಎದುರು ಬಂದು ನಿಂತಿದ್ದಳು. ನಾನು ಈ ಶೆಡ್ಡಿನಲ್ಲಿ ಅವನ ಕೈಗೆ ಸ್ಪ್ಯಾನರ್ ಕೊಟ್ಟಿದ್ದೆ. ಅಂದಿನಿಂದ ಅವನು ಒಂದು ಬೋಲ್ಟನ್ನೂ ಅರ್ಧ ತಿರುಗಿಸಿ ಬಿಟ್ಟವನಲ್ಲ. ಟ್ಯಾಕ್ಸಿ ಸ್ಟ್ಯಾಂಡಿನವರು ಈಗ ನನ್ನನ್ನು ಬಿಟ್ಟು ಅವನನ್ನೇ ಕೇಳಿಕೊಂಡು ಬರುತ್ತಿದ್ದರು. ಹತ್ತು ವರ್ಷ ದುಡಿದು ಅವನು ಕೂಡಿಟ್ಟದ್ದು ಈ ಹೆಸರೊಂದೇ. ಗಿಡ್ಡನ ಎದುರು ಅದು ಬಿದ್ದರೆ ಸಂಜೆಯೊಳಗೆ ಸ್ಟ್ಯಾಂಡಿನ ತುಂಬ ಬಿದ್ದ ಹಾಗೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಅಂದೆ.

ಭಾವ ಕೈಯಲ್ಲಿದ್ದ ಸ್ಪ್ಯಾನರನ್ನು ನನ್ನ ಮುಖಕ್ಕೆ ಬೀಸಿದ. ನನ್ನ ತುಟಿ ಸೀಳಿತು. ಮುಂದಿನ ಹಲ್ಲೊಂದು ನಾಲಿಗೆಯ ಮೇಲೆ ಬಂತು. ಅದನ್ನು ಉಗುಳಿ ಅವನ ಕುತ್ತಿಗೆಗೆ ಕೈ ಹಾಕಿದೆ. ಇಬ್ಬರೂ ಹೋಗಿ ಟ್ಯಾಕ್ಸಿಯ ಮಡ್‌ಗಾರ್ಡಿಗೆ ಬಡಿದೆವು. ಅವನು ಮೊಣಕಾಲಿನಿಂದ ನನ್ನ ಹೊಟ್ಟೆಗೆ ಗುದ್ದಿದ. ನಾನು ಅವನ ತಲೆಯನ್ನು ಎರಡು ಸಲ ಮಡ್‌ಗಾರ್ಡಿನ ಅಂಚಿಗೆ ಕುಟ್ಟಿದೆ.

“ಬಿಡ್ರೋ! ಪ್ರಾಣಿಗಳಾ, ಬಿಡ್ರೋ!” ಅಕ್ಕ ನನ್ನ ಅಂಗಿ ಹಿಡಿದು ಎಳೆದಳು. ಅಂಗಿ ಹರಿದು ಅವಳ ಕೈಯಲ್ಲೇ ಉಳಿಯಿತು.

ನಮ್ಮ ಶೆಡ್ಡಿನಲ್ಲಿ ಒಂದು ಕಟ್ಟುನಿಟ್ಟು ಇದೆ. ರೇಡಿಯೇಟರಿಗೆ ಹೋಗುವ ಮೇಲಿನ ರಬ್ಬರ್ ಹೋಸನ್ನು ಬರಿಗೈಯಲ್ಲಿ ಹಿಡಿದು ಇಪ್ಪತ್ತು ಎಣಿಸಬೇಕು. ಎಣಿಸಲಾಗದಿದ್ದರೆ ಮುಚ್ಚಳ ಮುಟ್ಟಬಾರದು. ನನ್ನ ಗುರು ನನಗೆ ಬೈದು ಕಲಿಸಿದ್ದು, ನಾನು ಎಲ್ಲರಿಗೂ ಬೈದು ಕಲಿಸಿದ್ದು. ಆ ಹೊತ್ತು ಹೋಸು ಕಲ್ಲಿನಂತೆ ಊದಿಕೊಂಡಿತ್ತು.

“ನೀರಲ್ಲ ಅಂತೀಯಲ್ಲ, ಮುಚ್ಚಳ ತೆಗೆದು ತೋರಿಸು!” ಎಂದೆ.

“ಬಿಸಿ ಇದೆ. ಆರ್ಲಿ, ತೋರಿಸ್ತೀನಿ.”

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ. ಹೆದರಿಕೆ ಯಾಕೆ?”

“ಹೇ, ನಿನಗೆ ಹುಚ್ಚು ಹಿಡಿದಿದೆ, ಬಿಸಿ ಇದೆ ಅಂತ…”

ಅವನ ಬಲಗೈಯನ್ನು ಹಿಡಿದು ಮುಚ್ಚಳದ ಮೇಲೆ ಒತ್ತಿದೆ. ಅವನ ಬೆರಳುಗಳ ಮೇಲೆ ನನ್ನ ಬೆರಳುಗಳನ್ನಿಟ್ಟು ತಿರುಗಿಸಿದೆ. ಅವನು ಎಳೆದುಕೊಂಡ, ನಾನು ಬಿಡಲಿಲ್ಲ. ಕಾಲು ಸುತ್ತು. ಅರ್ಧ ಸುತ್ತು.

ಮುಚ್ಚಳ ಹಾರಿ ತಗಡಿನ ಮಾಡಿಗೆ ಬಡಿಯಿತು. ಹಿಂದೆಯೇ ಕುದಿಯುವ ಕಂಬ ಎದ್ದಿತು. ನನಗೆ ಮೊಣಕೈ ಮಾತ್ರ ಸುಟ್ಟಿತು, ಅವನ ಬೆನ್ನ ಹಿಂದೆ ಇದ್ದೆನಲ್ಲ. ಉಳಿದದ್ದೆಲ್ಲ ಅವನ ಕೈಗೆ, ಎದೆಗೆ, ಬಲಗೆನ್ನೆಗೆ. ಮನುಷ್ಯನ ಗಂಟಲಿನಿಂದ ಅಂಥ ಸದ್ದು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನೆಲಕ್ಕೆ ಬಿದ್ದು ಹೊರಳಿದ. ತೋಳಿನ ಚರ್ಮ ಅಂಗಿಯ ಜೊತೆಗೇ ಸರಿಯಿತು.

ಅಕ್ಕ ಬಕೆಟ್ಟಿನ ಮೇಲೆ ಬಕೆಟ್ಟು ತಣ್ಣೀರು ಸುರಿದಳು. ಆಮೇಲೆ ಜಾಕ್ ರಾಡು ತೆಗೆದುಕೊಂಡು ನನ್ನ ಭುಜಕ್ಕೆ ಬಾರಿಸಿದಳು. ಮೂಳೆ ಲಟ್ಟೆಂದಿತು. ಇನ್ನೊಂದು ಪೆಟ್ಟಿಗೆ ಎತ್ತಿದವಳನ್ನು ಗಿಡ್ಡ ತಡೆದ. “ಅಕ್ಕಾ, ಇವನನ್ನ ಆಮೇಲೆ ಕೊಲ್ಲೋಣ. ಮೊದಲು ಅವರನ್ನ ಉಳಿಸ್ಕೊಳೋಣ.” ದಾರಿಯಲ್ಲಿ ಹೋಗುತ್ತಿದ್ದ ಗಾಡಿಯೊಂದನ್ನು ಅಡ್ಡಹಾಕಿ ಇಬ್ಬರೂ ಸೇರಿ ಭಾವನನ್ನು ಆಸ್ಪತ್ರೆಗೆ ಒಯ್ದರು.

ಶೆಡ್ಡಿನಲ್ಲಿ ನಾನೊಬ್ಬನೇ ಉಳಿದೆ. ನೆಲ ನೋಡಿದೆ.

ಹಸಿರು. ಗಾರೆಯ ಮೇಲೆಲ್ಲ ಹಚ್ಚಗೆ ಹರಡಿತ್ತು. ನೀರಲ್ಲ, ಕೂಲೆಂಟೇ. ಬೆರಳಲ್ಲಿ ಒರೆಸಿದರೆ ಬೂದಿಯಂಥ ನುಣ್ಣನೆ ಪುಡಿ ಅಂಟಿತು. ರೇಡಿಯೇಟರಿನ ಬಾಯಿಗೆ ತಂತಿ ಇಳಿಸಿದೆ. ತುದಿಗೆ ಅದೇ ಪುಡಿ, ಗಂಜಿಯಂತೆ ಗಟ್ಟಿಯಾಗಿ. ಒಳಗಿನ ಸಣ್ಣ ನಾಳಗಳೆಲ್ಲ ಕಟ್ಟಿಕೊಂಡಿದ್ದವು. ಅದಕ್ಕೇ ಗಾಡಿ ಕುದಿದಿತ್ತು.

ಈ ಪುಡಿ ನಾನು ಬಲ್ಲೆ. ಸೋರುವ ರೇಡಿಯೇಟರಿಗೆ ಜನ ಸುರಿಯುವ ಪುಡಿ ಅದು. ತೂತು ಮುಚ್ಚುತ್ತದೆ, ಜೊತೆಗೆ ಮುಚ್ಚಬಾರದ್ದನ್ನೂ ಮುಚ್ಚುತ್ತದೆ. ಮೂರು ವಾರದ ಹಿಂದೆ ಒಂದು ವ್ಯಾನಿನಿಂದ ಅಂಥ ಕೂಲೆಂಟನ್ನು ಇಳಿಸಿದ್ದೆ. ಹಳೆಯದೆಲ್ಲ ಕಪ್ಪು ಡ್ರಮ್ಮಿಗೆ ಹೋಗಬೇಕು. ಅಂದು ಡ್ರಮ್ಮು ತುಂಬಿತ್ತು. ಖಾಲಿಯಾದ ಹೊಸ ಕೂಲೆಂಟಿನ ಹಸಿರು ಪ್ಲಾಸ್ಟಿಕ್ ಕ್ಯಾನೊಂದು ಕಾಲಿಗೆ ಸಿಕ್ಕಿತು. ಖಾಲಿ ಕ್ಯಾನು, ಡಬ್ಬ ಯಾವುದನ್ನೂ ಎಸೆಯುವ ಜಾಯಮಾನ ನನ್ನದಲ್ಲ. ಅದಕ್ಕೇ ಸುರಿದು, ಮುಚ್ಚಳ ಬಿಗಿದು, ಹೊಸ ಕ್ಯಾನುಗಳ ಸಾಲಿನಲ್ಲಿ ಮೇಲಿನ ಹಲಗೆಗೆ ಇಟ್ಟು ಮರೆತೆ. ಬಣ್ಣ ಇನ್ನೂ ಕೆಟ್ಟಿರಲಿಲ್ಲ. ಸೀಲು ಒಡೆದದ್ದನ್ನು ಕಂಡ ಭಾವ, ನಾನೇ ಸ್ವಲ್ಪ ಬಳಸಿ ಇಟ್ಟಿದ್ದೇನೆ ಅಂದುಕೊಂಡು, ಅದನ್ನೇ ನಂಬಿ ಸುರಿದಿದ್ದ.

ಕ್ಯಾನು ಇಳಿಸಿದೆ. ತಳದಲ್ಲಿ ಎರಡು ಬೆರಳಷ್ಟು ಪುಡಿ ಕೂತಿತ್ತು. ಎಡಗೈಯಿಂದ ಅದನ್ನು ಚರಂಡಿಗೆ ಸುರಿದು, ಹಿತ್ತಲಲ್ಲಿ ಕ್ಯಾನಿಗೆ ಬೆಂಕಿ ಇಟ್ಟೆ. ಹಾಗೆ ಮಾಡಿದೆ. ಸುಳ್ಳು ಹೇಳಿ ಏನಾಗಬೇಕು?

ಆರು ದಿನ ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಎಲ್ಲ ಕಂಡಿದ್ದ ಗಿಡ್ಡ ಭಾವನ ಜೊತೆ ಅಲ್ಲೇ ಉಳಿದಿದ್ದ. ಭಾವ ಹಳೆಯ ಚಾಳಿಗೇ ಹೋದ, ನೀರು ಹಾಕಿ ಸಿಕ್ಕಿಬಿದ್ದ, ಮುಚ್ಚಳ ತೆಗೆಯಲು ಹೋಗಿ ಸುಟ್ಟುಕೊಂಡ ಎಂದು, ನಮ್ಮ ಕೂಗಾಟ ಹೊರಗಿನಿಂದ ಕೇಳಿದವರ ಬಾಯಿಂದ, ಸ್ಟ್ಯಾಂಡಿನಲ್ಲಿ ಮಾತಾಯಿತು. ಯಾರಾದರೂ ಕೇಳಿದರೆ ನಾನು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ.

ಏಳನೆಯ ದಿನ ಬೆಳಿಗ್ಗೆ ಅವನೇ ಬಂದ. ಬಲಗೈ ಹೆಗಲವರೆಗೆ ಬ್ಯಾಂಡೇಜು, ಬಲಗಣ್ಣು ಮುಚ್ಚಿಹೋಗಿತ್ತು. ಹಿಂದೆ ಅಕ್ಕ, ಅವಳ ಹಿಂದೆ ಗಿಡ್ಡ. ನಾನು ಸ್ಟೂಲು ಎಳೆದು ಹಾಕಿದೆ. ಭಾವ ಕೂರಲಿಲ್ಲ.

“ಗಾಡಿ ನಾನು ಕೆಡಿಸಿದ್ದು. ಸರಿ ಮಾಡೋದೂ ನಾನೇ. ನನಗೆ ಕೈ ಇಲ್ಲ, ನೀನು ಕೈ ಹಾಕು.”

ಅವನು ಹೇಳಿದಂತೆ ಮಾಡಿದೆ. ನನಗೂ ಒಂದು ಭುಜ ಏಳುತ್ತಿರಲಿಲ್ಲ. ಕೆಳಗಿನ ಹೋಸ್ ಕಳಚಿದೆ. ರೇಡಿಯೇಟರ್ ಇಳಿಸಿ, ತಲೆಕೆಳಗು ಮಾಡಿ, ಹಿಂದುಮುಂದಾಗಿ ನೀರು ಹಾಯಿಸಿದೆ. “ಇನ್ನೂ ಬೂದಿ ಬರ್ತಿದೆ. ಬಿಡು. ಇನ್ನೂ ಬಿಡು.” ಮಧ್ಯಾಹ್ನದ ಹೊತ್ತಿಗೆ ತಿಳಿನೀರು ಬಂತು. ಸೀಲು ಇದ್ದ ಕ್ಯಾನನ್ನು ತನ್ನ ಕಣ್ಣೆದುರೇ ಒಡೆಸಿದ. ಅರ್ಧ ಕೂಲೆಂಟು, ಅರ್ಧ ಬ್ಯಾಟರಿಗೆ ಹಾಕುವ ಶುದ್ಧ ನೀರು. ಗಾಡಿಯ ಹೀಟರ್ ಹಾಕಿ ಇಂಜಿನ್ ಓಡಲು ಬಿಟ್ಟು, ರೇಡಿಯೇಟರಿನ ಬಾಯಲ್ಲಿ ಗುಳ್ಳೆ ನಿಲ್ಲುವ ತನಕ ನನ್ನನ್ನು ಕಾಯಿಸಿದ. ಗಿಡ್ಡ ಏರುರಸ್ತೆ ಹತ್ತಿಸಿಕೊಂಡು ಬಂದ. ಮುಳ್ಳು ನಡುವಿನಿಂದ ಅಲ್ಲಾಡಿರಲಿಲ್ಲ.

ಕೆಲಸ ಮುಗಿಯಿತು, ಇನ್ನು ಎಲ್ಲ ಸರಿಹೋಗುತ್ತದೆ ಅಂದುಕೊಂಡೆ. ನಾಳೆ ಬೆಳಿಗ್ಗೆ ಬರುತ್ತಾನೆ, ಸ್ಟೂಲಿನ ಮೇಲೆ ಕೂತು ಹೇಳುತ್ತಾನೆ, ನಾನು ಮಾಡುತ್ತೇನೆ.

ಭಾವ ಮೇಲಿನ ಹಲಗೆ ನೋಡಿದ. “ಅಲ್ಲೊಂದು ಸೀಲು ಒಡೆದ ಕ್ಯಾನು ಇತ್ತಲ್ಲ, ಎಲ್ಲಿ?”

“ಯಾವ ಕ್ಯಾನು?”

“ನಾನು ಸುರಿದ ಕ್ಯಾನು.”

“ನನಗೇನು ಗೊತ್ತು? ಶೆಡ್ಡಿನಲ್ಲಿ ನೂರು ಕ್ಯಾನು ಇವೆ.”

ಅಕ್ಕ ನನ್ನ ಹತ್ತಿರ ಬಂದಳು. ಚಿಕ್ಕಂದಿನಲ್ಲಿ ನನ್ನ ಮೂಗು ಒರೆಸಿದ ಕೈಯಿಂದ ಕೆನ್ನೆಗೆ ಬಾರಿಸಿದಳು. ಇನ್ನೊಂದು. ಮತ್ತೊಂದು. “ಹೇಳು. ನನ್ನ ಮುಖ ನೋಡಿ ಹೇಳು.”

ಸಿಟ್ಟು ನೆತ್ತಿಗೇರಿತು. ಸತ್ಯವನ್ನೂ ನಾನು ಬೈಗುಳದ ಹಾಗೆಯೇ ಕಿರುಚಿದೆ. “ಹೌದು ಕಣೇ! ನಂದೇ ಕ್ಯಾನು! ಹಳೇದು ತುಂಬಿಟ್ಟವನು ನಾನು, ಸುಟ್ಟುಹಾಕಿದವನೂ ನಾನು! ಆಯ್ತಾ? ಎಲ್ರಿಗೂ ಸಮಾಧಾನ ಆಯ್ತಾ?”

ಗಿಡ್ಡ ನೆಲಕ್ಕೆ ಉಗುಳಿದ. “ಆರು ದಿನ ಬೇಕಾಯ್ತಾ ಅಣ್ಣಾ, ಇದು ಬಾಯಿಗೆ ಬರೋಕೆ?”

ಭಾವ ನನಗೆ ಹೊಡೆಯುತ್ತಾನೆಂದು ಕಾದೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಗಿಡ್ಡನ ಕಡೆ ತಿರುಗಿದ.

“ಕೇಳಿಸ್ಕೊಂಡ್ಯಲ್ಲ? ಸ್ಟ್ಯಾಂಡಲ್ಲಿ ಹೇಳು.”

ಅಷ್ಟು ಹೇಳಿ ಎಡಗೈಯನ್ನು ಹಳೆಬಟ್ಟೆಗೆ ಒರೆಸಿಕೊಂಡು ಹೊರಟ. “ಭಾವ, ನಿಮ್ಮ ಸ್ಪ್ಯಾನರ್ ಸೆಟ್ಟು…” ಎಂದೆ. ಬಹುವಚನ ತಾನಾಗಿ ಬಂತು. ಅವನು ತಿರುಗಲಿಲ್ಲ. ಅಕ್ಕ ಮೊಳೆಯಲ್ಲಿದ್ದ ತನ್ನ ಚೀಲ ತೆಗೆದುಕೊಂಡು, ನನ್ನನ್ನು ಸುತ್ತಿ ಬಳಸಿ ದಾಟಿ, ಅವನ ಹಿಂದೆ ನಡೆದಳು. ಗಿಡ್ಡ ಟ್ಯಾಕ್ಸಿಯ ಬಾಗಿಲು ತೆರೆದು ಇಬ್ಬರನ್ನೂ ಕೂರಿಸಿಕೊಂಡ.

ಮತ್ತೆ ಅವರು ಈ ಶೆಡ್ಡಿಗೆ ಬರಲಿಲ್ಲ.