ನಮ್ಮ ಪಟ್ಟಿಯಲ್ಲಿದೆ

ಬಾವಲಿ ಹೊಳೆ ಉಕ್ಕಿ ಆದಿವಾಸಿಗಳ ಹಾಡಿಗಳಿಗೆ ನುಗ್ಗಿದ ವಾರವೇ ನಮ್ಮ ಕಡೆಗೆ ಹೊರದೇಶದ ಎರಡು ಸಂಸ್ಥೆಗಳು ಬಂದವು. ಒಂದರಲ್ಲಿ ನನಗೆ ಕೆಲಸ ಸಿಕ್ಕಿತು. ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಬರುತ್ತವೆ ಎಂಬುದೇ ನನ್ನ ದೊಡ್ಡ ಅರ್ಹತೆ. ಅಜ್ಜನ ಕಾಲಕ್ಕೇ ಗುಂಡ್ಲುಪೇಟೆ ಕಡೆಯಿಂದ ಗಡಿ ದಾಟಿ ಬಂದು ಇಲ್ಲಿ ಬೇಸಾಯಕ್ಕೆ ನಿಂತ ಮನೆ ನಮ್ಮದು. ಹಾಡಿಯ ಮಕ್ಕಳ ಜೊತೆ ಆಡಿ ಬೆಳೆದವಳು ನಾನು. ಸಂಸ್ಥೆಯವರು ಎಲ್ಲರೆದುರು "ಶ್ಯಾಮಳಾಗೆ ಈ ಜನ ಗೊತ್ತು" ಎನ್ನುತ್ತಿದ್ದರು. ನಾನು ಉಬ್ಬಿಹೋಗುತ್ತಿದ್ದೆ. ಈಗ ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ಎರಡೂ ಸಂಸ್ಥೆಗಳು ಒಂದು ನಿಯಮ ಮಾಡಿಕೊಂಡಿದ್ದವು. ಒಂದು ಮನೆ ಒಂದೇ ಪಟ್ಟಿಯಲ್ಲಿರಬೇಕು. ಮೊದಲ ದಿನಗಳಲ್ಲಿ ಯಾರಿಗೋ ಎರಡೆರಡು ಕಂಬಳಿ ಹೋಗಿತ್ತಂತೆ. ಅದಕ್ಕೆ ವಿದೇಶದ ಕಚೇರಿಯಿಂದ ಉದ್ದುದ್ದ ಪತ್ರಗಳು ಬಂದವು. ಅಂದಿನಿಂದ ಕಾಟ್ಟಿಕ್ಕುಳದಲ್ಲಿ ಸಭೆ ಸೇರಿ, ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು, ಎರಡರಲ್ಲೂ ಇರುವ ಹೆಸರನ್ನು ಒಂದರಿಂದ ಹೊಡೆದು ಹಾಕುವುದು ನಡೆಯಿತು. ಯಾರಿಗೂ ಎರಡು ಸಲ ಸಿಗಬಾರದು ಎಂದು ನಾವು ತಲೆ ಕೆಡಿಸಿಕೊಂಡೆವು. ಒಂದು ಸಲವೂ ಸಿಗದವರು ಯಾರು ಎಂದು ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ.

ನೆರೆ ಬಂದ ಐದನೆಯ ದಿನ ನಾನು ಟಾರ್ಪಾಲು, ಕಂಬಳಿ ತುಂಬಿದ ಜೀಪಿನಲ್ಲಿ, ಚಿಕ್ಕಂದಿನಲ್ಲಿ ನನ್ನ ಜೊತೆ ಆಡಿದ ಚಾತನ್‌ನ ಹಾಡಿಗೆ ಹೋದೆ. ಚಾತನ್ ಮನೆಯ ಬಾಗಿಲು ಮುಚ್ಚಿತ್ತು. ಪಕ್ಕದ ಮನೆಯ ಮಿನಿ ಹೊರಗೆ ಬಂದಳು.

"ಚಾತನ್‌ನ ಅಪ್ಪ ತೀರ್ಕಂಡ್ರಲ್ಲಕ್ಕ. ಪುಲ ಅದೆ. ಮ್ಯಾಲೆ ಗುಡ್ಲು ಹಾಕ್ಕಂಡು ಅಲ್ಲೇ ಅವ್ರೆ."

ಪುಲ ಎಂದರೆ ಸೂತಕ. ಆ ಹಾಡಿಯಲ್ಲಿ ಸಾವಾದ ಮನೆಯವರು ಹದಿನಾರು ದಿನ ಮನೆ ಮುಚ್ಚಿ, ಕಾಡಂಚಿನಲ್ಲಿ ಎಲೆ ಹೊದೆಸಿದ ಗುಡಿಸಲಲ್ಲಿ ಇರುತ್ತಾರೆ. ಬೇರೆಯವರ ಸೂರಿನಡಿ ಮಲಗುವಂತಿಲ್ಲ, ಹಾಗಾಗಿ ಶಾಲೆಯಲ್ಲಿ ತೆರೆದ ನೆರೆ ಕ್ಯಾಂಪಿಗೂ ಹೋಗುವಂತಿಲ್ಲ. ಯಾರಾದರೂ ಹೊಸ ವಸ್ತು ತಂದುಕೊಟ್ಟರೆ ತೆಗೆದುಕೊಳ್ಳಬಹುದು. ಇದಿಷ್ಟೂ ನನಗೆ ಗೊತ್ತಿತ್ತು. ಗೊತ್ತಿಲ್ಲದವಳಾಗಿದ್ದರೆ ಇವತ್ತು ನನಗೆ ಹೇಳಿಕೊಳ್ಳಲು ಒಂದು ನೆಪವಾದರೂ ಇರುತ್ತಿತ್ತು.

ಮೇಲಕ್ಕೆ ನಲವತ್ತು ನಿಮಿಷದ ದಾರಿ, ಜೀಪು ಹೋಗುವುದಿಲ್ಲ. ಮಳೆ ಹಿಡಿದಿತ್ತು, ಜಿಗಣೆ ಬೇರೆ. ಡ್ರೈವರ್ ಅಜೀಶ್ ಗಡಿಯಾರ ನೋಡಿ "ಚೇಚಿ, ಮೀಟಿಂಗಿಗೆ ಲೇಟಾಗ್ತದೆ" ಎಂದ. ಅವನು ಒತ್ತಾಯವೇನೂ ಮಾಡಲಿಲ್ಲ. ಕಾಯಿ ಎಂದಿದ್ದರೆ ಕಾಯುತ್ತಿದ್ದ. ನಾನೇ ಹತ್ತಿ ಕೂತೆ.

ಸಭೆಯಲ್ಲಿ ಇನ್ನೊಂದು ಸಂಸ್ಥೆಯ ರೀನ ಪೆನ್ನು ಹಿಡಿದು ನನ್ನತ್ತ ತಿರುಗಿದಳು. "ಚಾತನ್ ಮನೆ ಯಾರ ಕಡೆ? ನಾಳೆ ನಮ್ಮ ಹುಡುಗಿಯರು ಆ ಕಾಡಿನ ದಾರಿಯಲ್ಲೇ ಹೋಗುತ್ತಿದ್ದಾರೆ. ಬೇಕಾದರೆ ನಾವೇ ಕೊಡುತ್ತೇವೆ."

ಸುತ್ತ ಹತ್ತು ಜನ ಕೂತಿದ್ದರು. ಬಾಗಿಲವರೆಗೆ ಹೋಗಿ ವಾಪಸು ಬಂದೆ ಎನ್ನಲು ನಾಚಿಕೆಯಾಯಿತು.

"ನಮ್ಮ ಪಟ್ಟಿಯಲ್ಲಿದೆ" ಎಂದೆ.

ರೀನ ತನ್ನ ಪಟ್ಟಿಯಿಂದ ಅವರನ್ನು ಹೊಡೆದು ಹಾಕಿದಳು. ಮರುದಿನ ನನ್ನನ್ನು ತೃಶ್ಶಿಲೇರಿಗೆ ಕಳಿಸಿದರು, ಅದರ ಮರುದಿನ ಟಾರ್ಪಾಲು ಮುಗಿದಿತ್ತು. ಮರೆತೆ ಎಂದರೆ ಸುಳ್ಳು. ದಿನಾ ನೆನಪಾಗುತ್ತಿತ್ತು, ದಿನಾ ನಾಳೆ ಎನ್ನುತ್ತಿದ್ದೆ. ನೆರೆ ಬಂದ ಹನ್ನೆರಡನೆಯ ದಿನ ಚಾತನ್‌ನ ತಾಯಿ ಸೋರುವ ಗುಡಿಸಲಲ್ಲಿ ನೆನೆದು, ಜ್ವರ ಬಂದು, ಉಸಿರು ಕಟ್ಟಿ ತೀರಿಕೊಂಡರು.

ತಿಂಗಳು ತುಂಬುವ ಮೊದಲು ಎರಡೂ ಸಂಸ್ಥೆಗಳು ಹೇಗೆ ಹೊಂದಿಕೊಂಡು ಕೆಲಸ ಮಾಡಿವೆ ಎಂದು ನೋಡಲು ವಿದೇಶದಿಂದ ಒಬ್ಬ ಮೇಡಂ ಬಂದರು. ಈ ಸಾವಿನ ಬಗ್ಗೆ ಅವರೇ ವಿಚಾರಿಸಬೇಕೆಂದರು. ಮಾತು ದಾಟಿಸಲು ಬೇರೆ ಯಾರಿದ್ದಾರೆ? ನಾನೇ. ಎರಡನೆಯ ಸಾವಿನಿಂದ ಪುಲ ಮತ್ತೆ ಮೊದಲಿಂದ ಶುರುವಾಗಿದ್ದರಿಂದ ಆ ಮನೆಯವರು ಇನ್ನೂ ಮೇಲೆಯೇ ಇದ್ದರು. ಅವತ್ತು ಹತ್ತದ ದಾರಿಯನ್ನು ಮೇಡಂ ಜೊತೆ ಹತ್ತಿದೆ. ಗುಡಿಸಲ ಮೇಲೆ ಹೊಸ ನೀಲಿ ಟಾರ್ಪಾಲು ಇತ್ತು. ಸಾವಿನ ಸುದ್ದಿ ತಿಳಿದ ದಿನವೇ ರೀನ ಹೊತ್ತುಕೊಂಡು ಬಂದು ಕೊಟ್ಟದ್ದಂತೆ.

ಚಾತನ್ ಕೆಲಸಕ್ಕೆ ಹೋಗಿದ್ದ. ಅವನ ಹೆಂಡತಿ ಚಿಕ್ಕಿ ಒಲೆಯ ಮುಂದಿನಿಂದ ಎದ್ದು ಬಂದಳು. ಅವತ್ತು ಏನಾಯಿತು ಎಂದು ಮೇಡಂ ಕೇಳಿದರು.

"ಆ ಇನ್ನೊಂದು ಕಂಪೆನಿ ಹುಡುಗೀರು ಈ ದಾರೀಲೇ ಹೋದ್ರು. ನಮ್ಗೂ ಒಂದು ಟಾರ್ಪಾಲು ಕೊಡಿ ಅಂದೆ. ನಿಮ್ದು ಶ್ಯಾಮಳನ ಲಿಸ್ಟಲ್ಲಿ ಅದೆ ಅಂದ್ರು. ನಂಗೆ ಸಮಾಧಾನ ಆಯ್ತು. ನಮ್ಮತ್ತೇಗೂ ಅಂದೆ, ಶ್ಯಾಮಳಕ್ಕ ಅಂದ್ರೆ ಬಂದೇ ಬತ್ತದೆ, ಅದ್ಕೆ ಪುಲ ಗೊತ್ತು, ನಾವ್ ಎಲ್ಲಿದೀವಿ ಅಂತ ಗೊತ್ತು. ಅದ್ಕೇ ಯಾರ್ನೂ ಕೇಳಕ್ಕೆ ಹೋಗ್ಲಿಲ್ಲ."

ನಾನು ಇಂಗ್ಲಿಷಿನಲ್ಲಿ ಅದನ್ನು ಒಂದೇ ವಾಕ್ಯ ಮಾಡಿದೆ: ನೆರವು ಬರುತ್ತದೆ ಎಂದು ಕಾಯುತ್ತಿದ್ದರಂತೆ. ಯಾರು ಎಂದು ಹೇಳಲಿಲ್ಲ. ಮೇಡಂ ಬರೆದುಕೊಂಡರು.

"ಅಷ್ಟು ಹೇಳಿದ್ದು ಇಷ್ಟೇನಾ?" ಚಿಕ್ಕಿ ಕೇಳಿದಳು. ಅವಳಿಗೆ ಇಂಗ್ಲಿಷ್ ಬರುವುದಿಲ್ಲ, ಕಣ್ಣು ಚೆನ್ನಾಗಿಯೇ ಇತ್ತು. "ನಿನ್ನೇ ಕಾಯ್ತಿದ್ವಿ ಅಂತ ಹೇಳ್ದ್ಯಾ?"

ನನಗೆ ಇನ್ನೊಂದು ಸುಳ್ಳು ಹೇಳಲಾಗಲಿಲ್ಲ. "ಇಲ್ಲ ಚಿಕ್ಕಿ" ಎಂದೆ. ಬಾಗಿಲವರೆಗೆ ಬಂದು ವಾಪಸು ಹೋದದ್ದು, ರೀನ ಕೊಡುತ್ತೇನೆಂದಾಗ ನಮ್ಮ ಪಟ್ಟಿಯಲ್ಲಿದೆ ಎಂದು ತಪ್ಪಿಸಿದ್ದು ನಾನೇ ಎಂಬುದು, ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಆಮೇಲೆ ಮೇಡಂ ಕಡೆ ತಿರುಗಿ ಅದನ್ನೆಲ್ಲ ಇಂಗ್ಲಿಷಿನಲ್ಲೂ ಹೇಳಿದೆ, ಒಂದು ಮಾತನ್ನೂ ಬಿಡದೆ.

ಮೇಡಂ ನನ್ನ ತೋಳು ಮುಟ್ಟಿದರು. ನಿಮ್ಮನ್ನು ನೀವು ಹೀಗೆ ಹಿಂಸಿಸಿಕೊಳ್ಳಬೇಡಿ, ಇದು ಸಂಸ್ಥೆಗಳ ನಡುವಿನ ಹೊಂದಾಣಿಕೆಯ ಕೊರತೆ, ವರದಿಯಲ್ಲಿ ನಾವು ವ್ಯಕ್ತಿಗಳ ಹೆಸರು ಹಾಕುವುದಿಲ್ಲ ಎಂದರು.

"ಏನಂತೆ?" ಎಂದಳು ಚಿಕ್ಕಿ.

"ಯಾರದೂ ತಪ್ಪಿಲ್ಲ ಅಂತ ಬರೀತಾರಂತೆ."

ಚಿಕ್ಕಿ ಮೇಡಂ ಕೈಯಲ್ಲಿದ್ದ ಪುಸ್ತಕದತ್ತ ಬೆರಳು ಮಾಡಿದಳು. "ನಮ್ಮತ್ತೆ ಕಡೇವರ್ಗೂ ನಿನ್ ಹೆಸ್ರು ಕೇಳ್ತಿತ್ತು. ಬಂತಾ, ಶ್ಯಾಮಳ ಬಂತಾ ಅಂತ. ಆ ಬುಕ್ಕಲ್ಲಿ ನಿನ್ ಹೆಸ್ರು ಬರ್ಸು."

ನಾನು ಮೇಡಂಗೆ ಹೇಳಿದೆ, ನನ್ನ ಹೆಸರು ಬರೆಯಿರಿ. ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಹೇಳಿದೆ. ಚಿಕ್ಕಿ ಮೇಡಂ ಕೈಯನ್ನೇ ನೋಡುತ್ತ ನಿಂತಿದ್ದಳು. ಮೇಡಂ ಏನನ್ನೂ ಬರೆಯದೆ ಪೆನ್ನಿನ ಮುಚ್ಚಳ ಹಾಕಿದರು.