ನಾನು ಹಾಜರಿದ್ದ ಐದು ಸಂಜೆ

ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದ ಮೇಲೆ ನಾನು ಸೇರಿದ ಒಂದೇ ಒಂದು ಕೂಟವೆಂದರೆ ಬಂದರಿನ ಹತ್ತಿರದ ಲಂಗರು ಕಾರ್ಮಿಕರ ಕ್ರೀಡಾ ಸಂಘ. ಕ್ರೇನ್ ನಡೆಸುವವರು, ಮಾಲು ತುಂಬುವವರು, ವೆಲ್ಡರ್‌ಗಳು ಪಾಳಿ ಮುಗಿಸಿ ಬಂದು ಅಲ್ಲಿ ಕಬಡ್ಡಿ, ವಾಲಿಬಾಲ್, ಬಾಲ್ ಬ್ಯಾಡ್ಮಿಂಟನ್ ಆಡುತ್ತಾರೆ. ತಮ್ಮ ಬ್ಯಾಂಕಿನ ಅಧಿಕಾರಿ ಎಂಬ ದಾಕ್ಷಿಣ್ಯಕ್ಕೆ ನನ್ನನ್ನೂ ಸೇರಿಸಿಕೊಂಡರು. ನನ್ನ ಹೊಟ್ಟೆ ನೋಡಿದ್ದರೆ ಯಾರೂ ಸೇರಿಸಿಕೊಳ್ಳುತ್ತಿರಲಿಲ್ಲ, ಬಿಡಿ.

ಸಂಘದಲ್ಲಿ ಒಂದು ಪದ್ಧತಿಯಿದೆ. ಆಡುವ ಮೊದಲು ಎಲ್ಲರೂ ಹಾಜರಿ ಪುಸ್ತಕದಲ್ಲಿ ಸಹಿ ಹಾಕಬೇಕು. ಸತತ ಮೂರು ದಿನ ಒಬ್ಬನ ಸಹಿ ಬೀಳದಿದ್ದರೆ, ಮೂರನೆಯ ಸಂಜೆ ಆಟ ನಿಲ್ಲಿಸಿ ಇಬ್ಬರು ಅವನಿದ್ದಲ್ಲಿಗೆ ಹೋಗಬೇಕು. ಫೋನ್ ಮಾಡುವಂತಿಲ್ಲ, ಕಣ್ಣಾರೆ ನೋಡಿಯೇ ಬರಬೇಕು. ಹಿಂದೆ ಒಂಟಿಯಾಗಿದ್ದ ವೆಲ್ಡರ್ ಒಬ್ಬ ಕೋಣೆಯಲ್ಲಿ ಸತ್ತು ಬಿದ್ದಿದ್ದು ನಾಲ್ಕು ದಿನ ಯಾರಿಗೂ ತಿಳಿಯಲಿಲ್ಲವಂತೆ. ಆಗಿನಿಂದ ಈ ನಿಯಮ. ನಾನೂ ಎರಡು ಸಲ ಹೀಗೆ ಹೋಗಿ, ಕಾಲು ಉಳುಕಿಸಿಕೊಂಡವರ ಮಂಚದ ಪಕ್ಕ ಕೂತು ಚಹಾ ಕುಡಿದು ಬಂದಿದ್ದೇನೆ.

ಜನವರಿಯ ಕೊನೆಗೆ ನನಗೆ ಜ್ವರ ಬಂತು. ಬ್ಯಾಂಕಿನ ವಾಟ್ಸಾಪ್ ಗುಂಪಿಗೆ ತಿಳಿಸಿದೆ. ಹನ್ನೊಂದು ಜನ ಕೈಮುಗಿಯುವ ಚಿತ್ರ ಕಳಿಸಿದರು. ತುಮಕೂರಿನಲ್ಲಿರುವ ಹೆಂಡತಿ ಅನಸೂಯಾಗೆ ಸಣ್ಣ ಶೀತ ಅಂದೆ. ಮಗಳ ಪರೀಕ್ಷೆ ಹತ್ತಿರವಿರುವಾಗ ಗಾಬರಿಪಡಿಸಿ ಏನು ಪ್ರಯೋಜನ? ಎರಡು ದಿನ ಗಂಜಿ, ಮಾತ್ರೆ, ಎದುರಿನ ಗೋಡೆ. ಮೂರನೆಯ ದಿನ ಮಾತ್ರ ಬೆಳಗಿನಿಂದಲೇ ಒಂಥರಾ ಹುಮ್ಮಸ್ಸು. ಸಂಜೆ ಅವರು ಬರುತ್ತಾರಲ್ಲ! ಅದರಲ್ಲೂ ಸತ್ಯಮೂರ್ತಿ ಬಂದೇ ಬರುತ್ತಾರೆ. ಕ್ರೇನ್ ಆಪರೇಟರ್, ನಮ್ಮ ಬಾಲ್ ಬ್ಯಾಡ್ಮಿಂಟನ್ ತಂಡದ ನಾಯಕ. ತಾಯಿ ಹೊಸಪೇಟೆಯವರಾದ್ದರಿಂದ ಅಲ್ಲಿ ನನ್ನೊಡನೆ, ತೆಲುಗಿನ ‘ಗಾರು’, ‘ಅಂಡಿ’ ಬೆರೆಸಿಯಾದರೂ, ಕನ್ನಡ ಮಾತಾಡುವವರು ಅವರೊಬ್ಬರೇ. ತೂರಾಡುತ್ತಲೇ ಎದ್ದು ಕೊಳೆಬಟ್ಟೆಗಳನ್ನು ಬಚ್ಚಲಿಗೆ ಹಾಕಿದೆ, ಇದ್ದ ಎರಡು ಕುರ್ಚಿಗಳನ್ನು ಮಂಚದ ಪಕ್ಕಕ್ಕೆ ಎಳೆದೆ, ಬಾಗಿಲ ಚಿಲಕ ತೆಗೆದಿಟ್ಟೆ.

ಆರಾಯಿತು. ಏಳಾಯಿತು. ಮೆಟ್ಟಿಲ ಮೇಲೆ ಸದ್ದಾದಾಗಲೆಲ್ಲ ಹೊದಿಕೆ ಸರಿಮಾಡಿಕೊಂಡೆ. ಎಲ್ಲ ಮೇಲಿನ ಮನೆಯವರು. ಫೋನ್ ಕೈಯಲ್ಲೇ ಇತ್ತು, ಮಾಡಲಿಲ್ಲ. ಕರೆದ ಮೇಲೆ ಬಂದರೆ ಅದೇನು ಬಂದ ಹಾಗೆ? ಎಂಟು ಹೊಡೆದ ಮೇಲೆ ಎದ್ದು ಚಿಲಕ ಹಾಕಿದೆ. ಆಮೇಲೆ ಅತ್ತುಬಿಟ್ಟೆ. ಅದು ಜ್ವರಕ್ಕಲ್ಲ.

ಮತ್ತೆರಡು ದಿನ ಬಿಟ್ಟು ಸಂಘಕ್ಕೆ ಹೋದೆ. ಯಾರೊಡನೆಯೂ ಮಾತಾಡಬಾರದೆಂದು ನಿರ್ಧರಿಸಿಯೇ ಹೋಗಿದ್ದೆ. ಸತ್ಯಮೂರ್ತಿ ನಗುತ್ತ ಎದುರು ಬಂದರು.

"ಬನ್ನಿ ಶ್ರೀಕಂಠ ಗಾರು. ವಿಜಯವಾಡ ಟೀಮಲ್ಲಿ ನಿಮ್ಮ ಹೆಸರು ಹಾಕಿದ್ದೀನಂಡಿ."

ಪ್ರತಿ ಫೆಬ್ರವರಿಯಲ್ಲಿ ವಿಜಯವಾಡದ ಆಟೋನಗರ್ ಮೆಕ್ಯಾನಿಕ್‌ಗಳ ಜೊತೆ ನಮ್ಮವರ ಪಂದ್ಯ. ತಿಂಗಳಲ್ಲಿ ಇಪ್ಪತ್ತು ಸಹಿ ಇದ್ದವರಿಗಷ್ಟೇ ಅವಕಾಶ. ಆ ತಂಡಕ್ಕಾಗಿ ನಾನು ಎರಡು ವರ್ಷದಿಂದ ಅಂಗಲಾಚುತ್ತಿದ್ದೆ.

"ನಂದು ಹದಿನಾರೇ ಅಲ್ವಾ ಆಗಿರೋದು? ಐದು ದಿನ ಬಂದೇ ಇಲ್ಲ ನಾನು."

"ಅದಕ್ಕೇ ನಾನೇ ಹಾಕ್ಬಿಟ್ಟೆ. ಬ್ಯಾಂಕಲ್ಲಿ ಇನ್‌ಸ್ಪೆಕ್ಷನ್ ಇರ್ಬೇಕು, ಪಾಪ, ಅಂದ್ಕೊಂಡೆ."

ಪುಸ್ತಕ ತೆರೆದು ತೋರಿಸಿದರು. ಐದು ಸಹಿ. ಇಪ್ಪತ್ತು ವರ್ಷ ಜನರ ಸಹಿ ಪರೀಕ್ಷಿಸಿದ ನಾನೇ ಮೋಸಹೋಗುವಷ್ಟು ಚೆನ್ನಾಗಿ, ಕನ್ನಡದಲ್ಲೇ, ಶ್ರೀಯ ಬಾಲದವರೆಗೂ ತಿದ್ದಿದ್ದರು. ನನ್ನ ಮೇಲೆ ಅಷ್ಟು ಅಕ್ಕರೆ ಇದ್ದವರು ಆ ಊರಲ್ಲಿ ಬೇರೆ ಯಾರಿದ್ದರು? ಆದರೆ ಹಾಜರಿದ್ದವನನ್ನು ಯಾರು ಹುಡುಕಿಕೊಂಡು ಬರುತ್ತಾರೆ?

ಪೆನ್ನು ತೆಗೆದು ಐದನ್ನೂ ಹೊಡೆದುಹಾಕಿದೆ.

"ಏನ್ ಮಾಡ್ತಿದ್ದೀರಿ ಸರ್? ವಿಜಯವಾಡ ತಪ್ಪಿಹೋಗುತ್ತೆ."

"ಹೋಗ್ಲಿ ಬಿಡಿ. ನಂಗೆ ಜ್ವರ ಬಂದಿತ್ತು ಸತ್ಯಮೂರ್ತಿಯವರೇ. ಮೂರನೇ ದಿನ ಬಾಗಿಲು ತೆಕ್ಕೊಂಡು ನಿಮಗೋಸ್ಕರ ಕಾಯ್ತಿದ್ದೆ."

ಅವರ ಮುಖ ಬಾಡಿತು. ತಿರುಗಿ ತೆಲುಗಿನಲ್ಲಿ ಕೂಗಿ ಆಟ ನಿಲ್ಲಿಸಿದರು, ಸಾಯಿಕಿರಣ್ ಎಂಬ ವೆಲ್ಡರನ್ನು ಕರೆದರು, ಬೂಟಿನ ದಾರ ಕಟ್ಟಿಕೊಂಡರು. "ತಪ್ಪಾಯ್ತಂಡಿ. ನಡೀರಿ, ಈಗಲೇ ನಿಮ್ಮನೆಗೆ ಹೋಗೋಣ" ಎಂದು ವಿಳಾಸಕ್ಕಾಗಿ ಸದಸ್ಯರ ಪಟ್ಟಿ ತೆರೆದವರು ಪುಟವನ್ನು ನನ್ನ ಕಡೆ ತಿರುಗಿಸಿದರು.

ನನ್ನ ಹೆಸರಿನ ಮುಂದೆ, ನನ್ನದೇ ಕೈಬರಹದಲ್ಲಿ, ಬ್ಯಾಂಕಿನ ವಿಳಾಸವಿತ್ತು. ಹೇಗೂ ಮತ್ತೆ ವರ್ಗವಾಗುತ್ತೇನೆ, ಈ ಊರಿನವರಿಗೆ ಮನೆ ಯಾಕೆ ತೋರಿಸಬೇಕು ಎಂದು ಸೇರಿದ ದಿನ ನಾನೇ ಬರೆದು ಮರೆತಿದ್ದೆ. ಆ ಸಂಜೆ ಅವರು ಬಂದಿದ್ದರೂ ಬ್ಯಾಂಕಿನ ಬೀಗ ನೋಡಿಕೊಂಡು ಹಿಂದಿರುಗುತ್ತಿದ್ದರು.

"ಮನೆ ಎಲ್ಲಂಡಿ ನಿಮ್ದು?" ಅಂತ ಸತ್ಯಮೂರ್ತಿ ಮೆಲ್ಲಗೆ ಕೇಳಿದರು. ಎರಡು ವರ್ಷದಲ್ಲಿ ಯಾರಿಗೂ ಹೇಳಿರಲಿಲ್ಲವಲ್ಲ, ದಾರಿ ಹೇಳಲು ನಾನೇ ತಡವರಿಸಿದೆ.