ಮೀನಿನ ತಲೆ ಯಾರ ಕಡೆಗೆ

ಬೋಲಿನ್ ಮನೆಯ ಊಟದ ಮೇಜಿನ ನಡುವೆ ದಿನವೂ ದೊಡ್ಡ ಬಿಳಿ ತಟ್ಟೆಯಲ್ಲಿ ಒಂದು ಇಡೀ ಮೀನು ಇರುತ್ತಿತ್ತು. ಅದರ ತಲೆ ಯಾರ ಕಡೆಗಿದೆಯೋ ಅವರೇ ಅಂದಿನ ಊಟದ ದೊಡ್ಡ ಮನುಷ್ಯ. ಚೀನಾದ ಆ ಬಂದರು ಪಟ್ಟಣದ ಐಸ್ ಕಾರ್ಖಾನೆಯಲ್ಲಿ ನಾನು ಕೆಲಸ ಮಾಡುತ್ತ, ಅವರ ಮಹಡಿಯಲ್ಲಿ ಬಾಡಿಗೆಗಿದ್ದೆ. ನಾಲ್ಕು ವರ್ಷಗಳಲ್ಲಿ ಆ ತಲೆ ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ಅಲ್ಲಿಯವರು ಚೀನೀ ಭಾಷೆಯಲ್ಲಿ ಆಡಿದ ಮಾತುಗಳು ನನ್ನ ನೆನಪಿನಲ್ಲಿ ಈಗ ಕನ್ನಡದಲ್ಲೇ ಉಳಿದಿವೆ.

ನನ್ನ ಗೆಳೆಯ ಡೀಟ್ಮಾರ್ ಜರ್ಮನಿಯವನು, ದೋಣಿ ಎಂಜಿನ್‌ಗಳ ಮೆಕ್ಯಾನಿಕ್. ಹನ್ನೊಂದು ವರ್ಷ ಅಲ್ಲಿ ದುಡಿದಿದ್ದ. ಅವನನ್ನು ಕರೆಸಿಕೊಂಡಿದ್ದ ಕಂಪನಿ ಬಾಗಿಲು ಹಾಕಿತು. ಮೂವತ್ತು ದಿನಗಳೊಳಗೆ ಬೇರೆ ಕೆಲಸ ಸಿಗದಿದ್ದರೆ ದೇಶ ಬಿಡಬೇಕಿತ್ತು.

"ನಮ್ಮೂರಲ್ಲಿ ನನ್ನ ಗುರುತು ಹಿಡಿಯೋರು ಯಾರೂ ಉಳಿದಿಲ್ಲ ಕಣಯ್ಯ. ಇಲ್ಲಿ ಎಂಜಿನ್‌ಗಳಾದ್ರೂ ಹಿಡೀತವೆ" ಎಂದಿದ್ದ.

ತನ್ನ ಕೆಲಸ ನಾಲ್ಕು ಜನಕ್ಕೆ ಗೊತ್ತಾಗಲೆಂದು ಚೀನೀ ಭಾಷೆಯಲ್ಲಿ ಎಂಜಿನ್ ರಿಪೇರಿಯ ನೇರಪ್ರಸಾರ ಶುರು ಮಾಡಿದ. ಫೋನ್ ಹಿಡಿಯುವವನು ನಾನು. ನೋಡುಗರು ಹದಿನೇಳು ಮಂದಿ. ಅವರಲ್ಲಿ ಇಬ್ಬರು ನಮ್ಮ ಕಾರ್ಖಾನೆಯವರೇ.

ಗಡುವಿಗೆ ಒಂಬತ್ತು ದಿನ ಉಳಿದಿದ್ದಾಗ ಬೋಲಿನ್ ಅವನನ್ನು ಊಟಕ್ಕೆ ಕರೆದ. ಬೋಲಿನ್ ದೋಣಿ ಮಾಲೀಕರ ಸಂಘದ ಅಧ್ಯಕ್ಷ, ಸಂಘದ ವರ್ಕ್‌ಶಾಪಿಗೆ ಒಬ್ಬ ಮೆಕ್ಯಾನಿಕ್ ಬೇಕಿದ್ದ. ಮೀನುಗಾರಿಕೆಯ ಋತು ತೆರೆಯುವುದು ಮರುದಿನ. ಊಟವನ್ನೂ ಪ್ರಸಾರ ಮಾಡೋಣವೆಂದು ನಾನೇ ಹೇಳಿದೆ.

ಮೀನಿನ ಮೇಲ್ಬದಿ ಖಾಲಿಯಾಯಿತು. ಡೀಟ್ಮಾರ್ ಊಟದ ಕಡ್ಡಿಗಳನ್ನು ಅಡಿಗೆ ತೂರಿಸಿ ಮೀನನ್ನು ಮಗುಚಿ ಹಾಕಿದ. ಒಂದು ಬದಿ ಮುಗಿದರೆ ಇನ್ನೊಂದನ್ನು ನೋಡುವುದು ಮೆಕ್ಯಾನಿಕ್ ಕೈಯ ರೂಢಿ. ಹನ್ನೊಂದು ವರ್ಷ ಅವನು ಉಂಡಿದ್ದು ಕಂಪನಿಯ ಕ್ಯಾಂಟೀನಿನಲ್ಲಿ, ಅಲ್ಲಿ ಮೀನು ತುಂಡಾಗಿ ಬರುತ್ತಿತ್ತು. ಕಡಲಿಗಿಳಿಯುವವರ ಮನೆಯಲ್ಲಿ ಮೀನನ್ನು ಮಗುಚುವುದೆಂದರೆ ದೋಣಿಯನ್ನು ಮಗುಚಿದಂತೆ. ನಡುಮುಳ್ಳನ್ನು ಎತ್ತಿ ತೆಗೆದು ಅಡಿಯ ಬದಿಯನ್ನು ತಿನ್ನಬೇಕು.

ನನಗೆ ಅದು ಗೊತ್ತಿತ್ತು. ಅವನ ಕಡ್ಡಿ ಅಡಿಗೆ ಹೋದದ್ದನ್ನೂ ಕಂಡೆ. ಆದರೆ ಆ ಹೊತ್ತಿಗೆ ಫೋನಿನಲ್ಲಿ ನೋಡುಗರು ಹದಿನೇಳರಿಂದ ಮೂವತ್ತೊಂದಾಗಿದ್ದರು. ನಾನು ಆ ಸಂಖ್ಯೆಯನ್ನೇ ನೋಡುತ್ತ ಸುಮ್ಮನಿದ್ದೆ.

ಬೋಲಿನ್‌ನ ತಾಯಿ, ಆ ಮನೆಯ ಅಜ್ಜಿ, ಬಟ್ಟಲು ಕೆಳಗಿಟ್ಟರು. "ಊಟ ಆಯ್ತು, ಏಳಿ. ನಾಳೆ ದೋಣಿ ಇಳಿಯೋದಿಲ್ಲ."

"ಅಮ್ಮಾ, ದೋಣಿಯ ಹದಿನಾಲ್ಕು ಜನ ಕಾಯ್ತಾ ಇದಾರೆ."

"ಕಾಯ್ಲಿ! ಹೆಂಡ್ತಿ ಮಕ್ಕಳ ಮುಖ ನೋಡ್ಕೊಂಡು ಕಾಯ್ಲಿ. ಈ ಉದ್ದ ಮೂಗಿನವನನ್ನ ಕರ್ಕೊಂಡು ಬಂದೋನು ನೀನೇ ತಾನೆ?"

ಸಂಜೆಯೊಳಗೆ ಆ ತುಣುಕು ಊರೂರು ಸುತ್ತಿತು. ಜನ ಅವನಿಗೆ 'ಜರ್ಮನ್ ಸುಂಟರಗಾಳಿ' ಎಂದು ಹೆಸರಿಟ್ಟರು. ವರ್ಕ್‌ಶಾಪಿನ ಕೆಲಸದ ಮಾತನ್ನು ಬೋಲಿನ್ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಏಳಕ್ಕೆ ಡೀಟ್ಮಾರ್ ಹತ್ಯಾರದ ಪೆಟ್ಟಿಗೆಯೊಂದಿಗೆ ದೋಣಿ ನಿಲ್ಲುವ ಜೆಟ್ಟಿಗೆ ಬಂದು, ಫೋನ್ ಶುರು ಮಾಡು ಎಂದ.

"ಬೇಡ ಮಾರಾಯ, ಉಗೀತಾರೆ."

"ಉಗಿಯೋರೂ ನೋಡುಗರೇ. ಹಿಡಿ."

ಅಜ್ಜಿ ಬೋಲಿನ್‌ನ ದೋಣಿಯ ಮುಂದೆ ಹಗ್ಗದ ಸುರುಳಿಯ ಮೇಲೆ ಕಾವಲು ಕೂತಿದ್ದರು. ಅವನು ಅವರೆದುರು ನಿಂತ. "ಅಜ್ಜಿ, ಮೀನು ಮಗುಚಿದವನು ನಾನು. ಈ ದೋಣಿ ಮುಳುಗೋಕೆ ಏನೇನು ಕಾರಣ ಇರಬಹುದೋ ಎಲ್ಲ ಹುಡುಕ್ತೀನಿ. ಆಮೇಲೆ ನೀವು ಒಪ್ಪಿದ್ರೆ ದೋಣಿ ಹೋಗ್ಲಿ, ನನ್ನನ್ನೂ ಕೂರಿಸ್ಕೊಂಡು ಹೋಗ್ಲಿ."

"ಈಜು ಬರುತ್ತಾ ನಿಂಗೆ?"

"ಇಲ್ಲ."

"ಹಂಗಾದ್ರೆ ಸರಿಯಾಗೇ ಹುಡುಕ್ತೀಯ. ಇಳಿ."

ನಾಲ್ಕೂವರೆ ಗಂಟೆ ಅವನು ಒಂದೊಂದು ಬೋಲ್ಟನ್ನೂ ಮುಟ್ಟಿ, ಹೆಸರು ಹೇಳಿ, ಬಿಗಿ ನೋಡಿದ. ಹಾಸ್ಯ ಮಾಡಲು ಬಂದವರು ಹೋಗಲಿಲ್ಲ. ಹನ್ನೊಂದೂವರೆಗೆ ಎಂಜಿನ್‌ಗೆ ಕಡಲ ನೀರು ತರುವ ಕೊಳವೆಯ ಅಡಿಗೆ, ಕೋಲಿಗೆ ಕಟ್ಟಿದ ಪುಟ್ಟ ಕನ್ನಡಿಯೊಂದನ್ನು ತೂರಿಸಿದ. ಮೇಲ್ಬದಿಗೆ ಹೊಸ ಬಣ್ಣವಿತ್ತು. ಅಡಿಯ ಬದಿ ತುಕ್ಕು ತಿಂದು ಕಾಗದದಂತಾಗಿತ್ತು. ಸ್ಕ್ರೂಡ್ರೈವರ್ ಒತ್ತಿದ. ಅದು ಹಿಡಿಯವರೆಗೂ ಒಳಹೋಯಿತು.

"ನೀರು ಯಾವ ಗಂಟೆಗೆ ನುಗ್ಗುತ್ತಿತ್ತು ಅಂತ ಹೇಳಲಾರೆ. ನುಗ್ಗುತ್ತಿತ್ತು, ಅಷ್ಟು ಹೇಳಬಲ್ಲೆ" ಎಂದ ಫೋನಿನತ್ತ ನೋಡಿ.

ಜೆಟ್ಟಿಯ ಮೇಲೆ ಯಾರೋ ಕೂಗಿದರು, ಆಮೇಲೆ ಎಲ್ಲರೂ. ಫೋನಿನಲ್ಲಿ ನೋಡುಗರ ಸಂಖ್ಯೆ ಎರಡು ಲಕ್ಷ ಹದಿಮೂರು ಸಾವಿರವಿತ್ತು. ಅಜ್ಜಿ ಹಗ್ಗದ ಸುರುಳಿಯಿಂದ ಎದ್ದರು. "ಪೈಪು ಬದಲಾಯಿಸ್ರೋ. ನಾಳೆ ಇಳೀಲಿ."

ದೋಣಿ ಮೂರನೆಯ ದಿನ ಮಧ್ಯಾಹ್ನ ಹೊಟ್ಟೆ ತುಂಬ ಮೀನಿನೊಂದಿಗೆ ಮರಳಿತು. ಡೀಟ್ಮಾರ್ ವಾಂತಿ ಮಾಡಿಕೊಂಡು ಸೊರಗಿ, ದೋಣಿಯ ಮೂತಿಯ ಕಂಬ ಹಿಡಿದು ನಿಂತಿದ್ದ. ಬಂದರಿನಲ್ಲಿ ಪಟಾಕಿ, ನೂರಾರು ಫೋನ್‌ಗಳು, "ಸುಂಟರಗಾಳಿ! ಸುಂಟರಗಾಳಿ!" ಎಂಬ ಕೂಗು. ಬೈಗುಳವಾಗಿದ್ದ ಹೆಸರು ನಾಲ್ಕು ದಿನದಲ್ಲಿ ಬಿರುದಾಯಿತು. ಅದೇ ವಾರ ನಲವತ್ತು ದೋಣಿಗಳ ಮಾಲೀಕರು, ನಮ್ಮದರ ಅಡಿಯನ್ನೂ ನೋಡು ಎಂದು ಸಾಲು ನಿಂತರು. ಗಡುವಿಗೆ ಎರಡು ದಿನ ಇರುವಾಗ ಸಂಘ ಅವನಿಗೆ ಕೆಲಸದ ಪತ್ರ ಕೊಟ್ಟಿತು. ಅವನನ್ನು ಹಿಂಬಾಲಿಸುವವರು ಆ ಹೊತ್ತಿಗೆ ಹನ್ನೆರಡು ಲಕ್ಷ.

ಪತ್ರ ಬಂದ ದಿನ ಮತ್ತೆ ಅದೇ ಮೇಜು. ಅಭ್ಯಾಸದಂತೆ ಮೀನಿನ ತಲೆ ಬೋಲಿನ್ ಕಡೆಗಿತ್ತು. ಅಜ್ಜಿ ತಟ್ಟೆಯ ಅಂಚಿಗೆ ಎರಡು ಬೆರಳಿಟ್ಟು, ತಲೆ ಡೀಟ್ಮಾರನ ಎದುರು ಬರುವವರೆಗೂ ಮೆಲ್ಲಗೆ ತಿರುಗಿಸಿದರು.

"ತಟ್ಟೇನ ತಿರುಗಿಸಬಹುದು, ತಿಳೀತಾ?" ಎಂದರು.

ಮೇಲ್ಬದಿ ಮುಗಿದಾಗ ಎಲ್ಲರ ಕಡ್ಡಿಗಳೂ ನಿಂತವು. ಈ ಸಲ ನಾನು ಫೋನನ್ನು ಮಹಡಿಯಲ್ಲೇ ಬಿಟ್ಟು ಬಂದಿದ್ದೆ. ಡೀಟ್ಮಾರ್ ಉಸಿರು ಹಿಡಿದು ನಡುಮುಳ್ಳನ್ನು ಬಾಲದ ಕಡೆಯಿಂದ ಎತ್ತಿದ. ಅದು ಒಂದೂ ತುಂಡಾಗದೆ ಬಾಚಣಿಗೆಯಂತೆ ಎದ್ದು ಬಂತು. ಅಡಿಯ ಬದಿ ಯಾರೂ ಮುಟ್ಟದೆ, ಬೆಳ್ಳಗೆ, ಹಬೆಯಾಡುತ್ತ ಮಲಗಿತ್ತು.